ರಾತ್ರಿ ಎದ್ದು ಮಗು ನೋಡ್ಕೊಳೋರಿಗೆ ಸಂಬಳ ಲೆಕ್ಕ ಹಾಕೋದು ಹೇಗೆ

ಬೆಂಗಳೂರಲ್ಲಿ ಗಂಡ ಹೆಂಡ್ತಿ ಇಬ್ರೂ ಕೆಲಸಕ್ಕೆ ಹೋಗೋ ಮನೇಲಿ ಬಾಣಂತನ ಮುಗಿಸಿ ಅಮ್ಮನೋ ಅತ್ತೆಯೋ ಊರಿಗೆ ಹೊರಟ ಮೇಲೆ ಶುರುವಾಗೋದೇ ಮಗು ನೋಡ್ಕೊಳೋರ ಹುಡುಕಾಟ. ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪಲ್ಲಿ ಕೇಳ್ತೀವಿ, ಯಾರೋ ಒಂದು ಏಜೆನ್ಸಿ ನಂಬರ್ ಹಾಕ್ತಾರೆ, ಏಜೆನ್ಸಿಯವರು ಫೋನಲ್ಲಿ ಎರಡೇ ರೇಟ್ ಹೇಳ್ತಾರೆ, 12 ಗಂಟೆಗೆ ಇಷ್ಟು, 24 ಗಂಟೆಗೆ ಇಷ್ಟು. ಈ 24 ಗಂಟೆ ರೇಟ್ ಅನ್ನೋದೇ ತಪ್ಪು ಅಂತ ನಾನು ಹೇಳ್ತೀನಿ. ಯಾವ ಮನುಷ್ಯರೂ 24 ಗಂಟೆ ಕೆಲಸ ಮಾಡೋಕಾಗಲ್ಲ, ಹಾಗಾಗಿ ಆ ಒಂದು ನಂಬರ್ ಒಳಗೆ ಎಷ್ಟು ಗಂಟೆ ಕೆಲಸ, ಎಷ್ಟು ಗಂಟೆ ಬಿಡುವು, ರಾತ್ರಿ ಎಷ್ಟು ಸಲ ಏಳ್ಬೇಕು ಅನ್ನೋದು ಎಲ್ಲೂ ಇರಲ್ಲ, ಇರದೇ ಇರೋದ್ರಿಂದ್ಲೇ ರಾತ್ರಿ ಕೆಲಸ ಪೂರ್ತಿ ಪುಕ್ಕಟೆ ಆಗೋಗತ್ತೆ.

ಯೋಚನೆ ಮಾಡಿ, ಔಟ್‌ಸ್ಟೇಷನ್‌ಗೆ ಟ್ಯಾಕ್ಸಿ ಮಾಡ್ಕೊಂಡು ಹೋದಾಗ ಡ್ರೈವರ್‌ಗೆ ನೈಟ್ ಬಾಟಾ ಕೊಡ್ತೀವಿ. ಅವ್ರು ಗಾಡೀಲೇ ಮಲ್ಕೊಂಡಿರ್ತಾರೆ, ಓಡಿಸಿರೋದೂ ಇಲ್ಲ, ಆದ್ರೂ ಬಿಲ್ಲಲ್ಲಿ ಬಾಟಾ ಇರತ್ತೆ, ಯಾರೂ ಜಗಳ ಮಾಡಲ್ಲ, ಯಾಕಂದ್ರೆ ಅವ್ರು ನಮಗೋಸ್ಕರ ಅವ್ರ ಮನೆ ಬಿಟ್ಟು ಅಲ್ಲಿ ಇದಾರೆ. ಅದೇ ನಮ್ಮ ಮಗುನ ರಾತ್ರಿ ಎರಡು ಗಂಟೆಗೆ ಎತ್ಕೊಂಡು ಹಾಲಲ್ಲಿ ಓಡಾಡೋರಿಗೆ ಮಾತ್ರ "ಹೇಗೂ ಮನೇಲೇ ಇರ್ತಾರಲ್ಲ" ಅಂತೀವಿ. ಇದನ್ನ ಸರಿ ಮಾಡೋದು ಕಷ್ಟ ಏನಲ್ಲ, ಕೂತು ಲೆಕ್ಕ ಹಾಕ್ಬೇಕು ಅಷ್ಟೇ, ಹೇಗೆ ಅಂತ ನನಗೆ ಗೊತ್ತಿರೋ ರೀತೀಲಿ ಬರೀತೀನಿ.

ಮೊದಲು ರಾತ್ರಿ ಏನಾಗತ್ತೆ ಅಂತ ನೋಡಿ

ಜನ ಬರೋಕ್ ಮುಂಚೆ, ಅಥವಾ ಈಗಾಗ್ಲೇ ಬಂದಿದ್ರೆ ಈ ವಾರನೇ, ನಿಮ್ಮ ಮಗುವಿನ ಒಂದು ರಾತ್ರಿ ಹೇಗಿರತ್ತೆ ಅಂತ ಒಂದು ಹಾಳೇಲಿ ಬರೀರಿ. ಹುಟ್ಟಿದ ಹೊಸದ್ರಲ್ಲಿ ಕೂಸಿಗೆ ಎರಡರಿಂದ ಮೂರು ಗಂಟೆಗೊಂದ್ಸಲ ಹಾಲು ಬೇಕು, ದಿನಕ್ಕೆ 8ರಿಂದ 12 ಸಲ. ಅಂದ್ರೆ ರಾತ್ರಿ 10ರಿಂದ ಬೆಳಿಗ್ಗೆ 6ರ ಒಳಗೆ ಕಡಿಮೆ ಅಂದ್ರೂ ಮೂರು ಸಲ ಏಳತ್ತೆ. ಒಂದ್ಸಲ ಎದ್ರೆ ಹಾಲು ಕುಡಿಸಿ ಮುಗಿದೋಗಲ್ಲ, ಬಾಟಲ್ ಆದ್ರೆ ನೀರು ಬೆಚ್ಚಗೆ ಮಾಡ್ಕೋಬೇಕು, ಅಮ್ಮ ಹಾಲು ಕೊಡ್ತಿದ್ರೆ ಕೂಸನ್ನ ಅವ್ರ ಹತ್ರ ಎತ್ಕೊಂಡು ಹೋಗಿ ಮುಗಿಯೋವರೆಗೂ ಕಾದು ವಾಪಸ್ ತರ್ಬೇಕು, ಹೆಗಲ ಮೇಲೆ ಹಾಕ್ಕೊಂಡು ಬೆನ್ನು ಸವರಿ ತೇಗು ಬರಿಸ್ಬೇಕು, ಅಷ್ಟೊತ್ತಿಗೆ ಡೈಪರ್ ಗಲೀಜಾಗಿರತ್ತೆ, ಬದಲಾಯಿಸಿದ್ರೆ ಪೂರ್ತಿ ಎಚ್ಚರ ಆಗತ್ತೆ, ಮತ್ತೆ ಜೋಜೋ ಹಾಡಿ ಮಲಗಿಸ್ಬೇಕು. ಮುಕ್ಕಾಲು ಗಂಟೆ ಆರಾಮಾಗಿ ಹೋಗತ್ತೆ. ಆಮೇಲೆ ಬಾಟಲ್ ತೊಳೆದಿಟ್ಟು ಅವ್ರು ಮಲಗಿ ನಿದ್ದೆ ಹತ್ತೋ ಹೊತ್ತಿಗೆ ಮುಂದಿನ ಸರದಿಗೆ ಒಂದೂವರೆ ಗಂಟೆ ಉಳಿದಿರತ್ತೆ.

ಇದನ್ನೆಲ್ಲ ಯಾಕೆ ಇಷ್ಟು ಬಿಡಿಸಿ ಬರೀತಿದೀನಿ ಅಂದ್ರೆ, "ರಾತ್ರಿ ಒಂದೆರಡು ಸಲ ಏಳ್ಬೇಕಾಗತ್ತೆ ಅಷ್ಟೇ" ಅನ್ನೋ ಮಾತಲ್ಲಿ ಇದ್ಯಾವ್ದೂ ಕಾಣಲ್ಲ. ಆರೇಳು ತಿಂಗಳ ಮಗು ಒಂದು ಸಲ ಎದ್ದು ಮಲಗ್ಬಹುದು, ಹಲ್ಲು ಬರೋ ಟೈಮಲ್ಲಿ ಮತ್ತೆ ಎಲ್ಲಾ ತಲೆಕೆಳಗಾಗತ್ತೆ. ನಿಮ್ಮ ಮಗುದು ಎಂಥ ರಾತ್ರಿ ಅನ್ನೋದು ನಿಮಗೇ ಗೊತ್ತು, ಕೆಲಸಕ್ಕೆ ಬರೋರಿಗೂ ಮೊದಲೇ ಗೊತ್ತಾಗ್ಬೇಕು.

ರಾತ್ರಿ ಯಾವ ಥರದ್ದು ಅಂತ ತೀರ್ಮಾನ ಮಾಡಿ

ನನ್ನ ಪ್ರಕಾರ ಮೂರು ಥರ ಇರತ್ತೆ, ಮೂರಕ್ಕೂ ಲೆಕ್ಕ ಬೇರೆ ಬೇರೆ. ಒಂದು, ರಾತ್ರಿಯೇ ಅವ್ರ ಮುಖ್ಯ ಡ್ಯೂಟಿ, ಅಂದ್ರೆ ಮೊದಲ ಮೂರು ತಿಂಗಳ ಕೂಸು, ಮಲಗಿದ್ರೂ ಅರ್ಧ ಎಚ್ಚರದಲ್ಲೇ ಇರ್ಬೇಕು. ಎರಡನೇದು, ಹಗಲು ಕೆಲಸ ಮಾಡ್ತಾರೆ, ರಾತ್ರಿ ಮಗು ಪಕ್ಕ ಮಲಗ್ತಾರೆ, ಅತ್ರೆ ಏಳ್ತಾರೆ. ಹೆಚ್ಚಿನ ಮನೆಗಳಲ್ಲಿ ನಡೆಯೋದು ಇದೇ, ಮೋಸ ಆಗೋದೂ ಇಲ್ಲೇ. ಮೂರನೇದು, ರಾತ್ರಿ ಮಗು ಅಪ್ಪ ಅಮ್ಮನ ಹತ್ರ, ನೋಡ್ಕೊಳೋರು ಅವ್ರ ರೂಮಲ್ಲಿ ಬಾಗಿಲು ಹಾಕ್ಕೊಂಡು ಬೆಳಿಗ್ಗೆವರೆಗೂ ಮಲಗ್ತಾರೆ. ಈ ಮೂರನೇದಕ್ಕೆ ಬೇರೆ ದುಡ್ಡು ಕೊಡ್ಬೇಕಿಲ್ಲ, ಆದ್ರೆ ಆಗ ನಿಜವಾಗ್ಲೂ ಬಿಡ್ಬೇಕು, "ಒಂದ್ ನಿಮಿಷ ಬಾ ಅಕ್ಕ" ಅಂತ ಹನ್ನೊಂದು ಗಂಟೆಗೆ ಬಾಗಿಲು ತಟ್ಟಿದ್ರೆ ಅದು ಎರಡನೇ ಥರ ಆಯ್ತು.

ಮಗು ಇರೋ ರೂಮಲ್ಲೇ ಅವ್ರು ಮಲಗಿದ್ರೆ ಅದನ್ನ ಯಾವತ್ತೂ ಬಿಡುವು ಅಂತ ಬರೀಬೇಡಿ. ಮಗು ಮಗ್ಗುಲು ಬದಲಾಯಿಸಿದ್ರೂ ಅವ್ರಿಗೆ ಎಚ್ಚರ ಆಗತ್ತೆ, ಆಗ್ಲಿ ಅಂತ್ಲೇ ಅಲ್ವಾ ನಾವು ಅಲ್ಲಿ ಮಲಗಿಸಿರೋದು.

ಗಂಟೆ ರೇಟ್ ತೆಗೀರಿ

ತಿಂಗಳ ಸಂಬಳ ಅಂತ ಒಂದು ದೊಡ್ಡ ಮೊತ್ತ ಹೇಳೋಕ್ ಮುಂಚೆ ಒಂದು ಗಂಟೆಗೆ ಎಷ್ಟು ಅಂತ ತೆಗೀರಿ. ವಾರಕ್ಕೆ ಒಂದು ರಜ ಬಿಟ್ರೆ ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆ, ಒಟ್ಟು 208 ಗಂಟೆ. ಲೆಕ್ಕ ಸಲೀಸಾಗ್ಲಿ ಅಂತ ಗಂಟೆಗೆ 100 ರೂಪಾಯಿ ಅಂತಿಟ್ಕೊಳ್ಳಿ, ಆಗ ತಿಂಗಳ ಮೂಲ ಸಂಬಳ 20,800. ಇದು ಉದಾಹರಣೆ ಮಾತ್ರ, ಇದೇ ಸರಿಯಾದ ರೇಟ್ ಅಂತ ನಾನು ಹೇಳ್ತಿಲ್ಲ. ಅನುಭವ ಇರೋರು, ಅವಳಿ ಮಕ್ಕಳನ್ನ ನೋಡ್ಕೊಳೋರು, ಅವಧಿಗೆ ಮುಂಚೆ ಹುಟ್ಟಿದ ಕೂಸು ನೋಡೋಕೆ ಗೊತ್ತಿರೋರು ಜಾಸ್ತಿ ಕೇಳ್ತಾರೆ, ಕೇಳ್ಲೇಬೇಕು.

ಕೆಳಗಿನ ಮಿತಿ ಯಾವ್ದು ಅಂತ ತಿಳ್ಕೊಂಡಿರಿ. ಮನೆಕೆಲಸದವರಿಗೆ ಕನಿಷ್ಠ ವೇತನ ನಿಗದಿ ಮಾಡಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕ ಒಂದು, 2004ರಲ್ಲೇ ಮಾಡಿದ್ದು. ಆ ರೇಟಿಗೆ ಪ್ರತಿ ವರ್ಷ ಏಪ್ರಿಲ್‌ನಲ್ಲಿ ತುಟ್ಟಿಭತ್ಯೆ ಸೇರತ್ತೆ, ಹಾಗಾಗಿ ಹಳೇ ನಂಬರ್ ಹಿಡ್ಕೊಂಡು ಕೂರ್ಬೇಡಿ, ಕಾರ್ಮಿಕ ಇಲಾಖೆ ವೆಬ್‌ಸೈಟಲ್ಲಿ ಈ ವರ್ಷದ್ದು ನೋಡಿ. ಸರ್ಕಾರ ಹಾಕಿರೋದು ಅದಕ್ಕಿಂತ ಕೆಳಗೆ ಇಳೀಬಾರದು ಅಂತ, ಅಷ್ಟೇ ಕೊಟ್ರೆ ಸಾಕು ಅಂತ ಅಲ್ಲ. ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟು ದುಡಿಸ್ಕೊಳೋದು ಸಂವಿಧಾನದ 23ನೇ ವಿಧಿ ನಿಷೇಧಿಸಿರೋ ಬಲವಂತದ ದುಡಿಮೆ ಆಗತ್ತೆ ಅಂತ ಸುಪ್ರೀಂ ಕೋರ್ಟ್ 1982ರಲ್ಲೇ, ಏಷ್ಯನ್ ಗೇಮ್ಸ್ ಕಟ್ಟಡ ಕಾರ್ಮಿಕರ ಕೇಸಲ್ಲಿ ಹೇಳಿದೆ.

ಓವರ್‌ಟೈಮ್ ಅಂದ್ರೆ ಡಬಲ್. 2025ರ ನವೆಂಬರ್ 21ರಿಂದ ಜಾರಿಗೆ ಬಂದಿರೋ ವೇತನ ಸಂಹಿತೆ ಅನ್ನೋ ಕೇಂದ್ರದ ಕಾನೂನಲ್ಲೂ ಮಾಮೂಲಿ ರೇಟಿನ ಎರಡರಷ್ಟಕ್ಕೆ ಕಡಿಮೆ ಇರಬಾರದು ಅಂತಲೇ ಇದೆ. ನಾನು ಹೇಳೋದು ಮನೆಗೂ ಅದನ್ನೇ ಹಿಡೀರಿ ಅಂತ. ಅಂದ್ರೆ ನಮ್ಮ ಉದಾಹರಣೆಯಲ್ಲಿ 8 ಗಂಟೆ ದಾಟಿದ ಮೇಲೆ ಗಂಟೆಗೆ 200.

ನೈಟ್ ಬಾಟಾ, ಎದ್ದಿದ್ದರ ದುಡ್ಡು, ಐದು ಗಂಟೆ ನಿದ್ದೆ

ಹಗಲು ಕೆಲಸ ಮಾಡಿ ರಾತ್ರಿ ಮಗು ಪಕ್ಕ ಮಲಗೋರಿಗೆ ಎರಡು ಭಾಗ ಮಾಡಿ ಕೊಡಿ. ಮೊದಲನೇದು ನೈಟ್ ಬಾಟಾ, ಒಂದು ರಾತ್ರಿಗೆ ಇಷ್ಟು ಅಂತ ಫಿಕ್ಸ್, ಮಗು ಏಳ್ಲಿ ಬಿಡ್ಲಿ ಕೊಡೋದು, ಯಾಕಂದ್ರೆ ಅವ್ರು ನಿಶ್ಚಿಂತೆಯಾಗಿ ಮಲಗಿಲ್ಲ, ಕಿವಿ ತೆರ್ಕೊಂಡು ಮಲಗಿದಾರೆ. ಗಂಟೆ ರೇಟಿನ ಒಂದೂವರೆಯಷ್ಟು ಇಟ್ರೆ ಮರ್ಯಾದೆಯಾಗಿರತ್ತೆ, ನಮ್ಮ ಲೆಕ್ಕದಲ್ಲಿ 150. ಎರಡನೇದು, ಎದ್ದು ಕೆಲಸ ಮಾಡಿದ ಟೈಮಿಗೆ ಓವರ್‌ಟೈಮ್ ರೇಟ್, ಅಂದ್ರೆ ಗಂಟೆಗೆ 200.

ಎದ್ದ ಟೈಮ್ ಅಂದ್ರೆ ಯಾವಾಗಿಂದ ಯಾವಾಗಿನವರೆಗೆ? ಮಗು ಅತ್ತು ಅವ್ರು ಕಣ್ಣು ಬಿಟ್ಟಾಗಿಂದ ವಾಪಸ್ ಹಾಸಿಗೆ ಮೇಲೆ ಮಲಗೋವರೆಗೆ, ಮೇಲೆ ಒಂದು ಕಾಲು ಗಂಟೆ, ಎದ್ದೋರಿಗೆ ತಕ್ಷಣ ನಿದ್ದೆ ಬರಲ್ಲ ಅನ್ನೋದು ಎಲ್ಲರಿಗೂ ಗೊತ್ತಿರೋದೇ. ಐದು ನಿಮಿಷ ತೊಟ್ಟಿಲು ತೂಗಿ ಮಲಗಿಸಿದ್ರೂ ಅರ್ಧ ಗಂಟೆ ಅಂತ ಬರೀರಿ, ನಿಮಿಷ ನಿಮಿಷಕ್ಕೆ ಜಗ್ಗಾಡೋದು ಬೇಡ.

ಇನ್ನೊಂದು ನಿಯಮ ಅಮೆರಿಕದ ಕಾರ್ಮಿಕ ಇಲಾಖೆಯದ್ದು, ನನಗೆ ತುಂಬಾ ಇಷ್ಟ ಆಗಿದ್ದು. ಅಲ್ಲಿ 24 ಗಂಟೆ ಅಥವಾ ಅದಕ್ಕಿಂತ ಉದ್ದದ ಡ್ಯೂಟಿ ಇದ್ರೆ, ಮಲಗೋಕೆ ಸರಿಯಾದ ಜಾಗ ಕೊಟ್ಟು ಇಬ್ರೂ ಒಪ್ಕೊಂಡಿದ್ರೆ, 8 ಗಂಟೆವರೆಗೆ ನಿದ್ದೆ ಟೈಮನ್ನ ಕೆಲಸದ ಲೆಕ್ಕದಿಂದ ಬಿಡ್ಬಹುದು, ಆದ್ರೆ ಮಧ್ಯೆ ಎದ್ದಿದ್ದು ಕೆಲಸ, ಮತ್ತೆ ಎದ್ದೂ ಎದ್ದೂ ಕಡೆಗೆ 5 ಗಂಟೆ ನಿದ್ದೆನೂ ಸಿಗ್ಲಿಲ್ಲ ಅಂದ್ರೆ ಇಡೀ ರಾತ್ರಿನೇ ಕೆಲಸ ಅಂತ ಲೆಕ್ಕ. ಇದನ್ನ ನಮ್ಮನೆಗೂ ತಗೋಬಹುದು. ಐದು ಗಂಟೆ ನಿದ್ದೆ ಆಗಿಲ್ಲ ಅಂದ್ರೆ ಆ ರಾತ್ರಿ 8 ಗಂಟೆಗೂ ದುಡ್ಡು, ಅಥವಾ ದುಡ್ಡಿನ ಜೊತೆಗೆ ಮಾರನೇ ದಿನ ಮಧ್ಯಾಹ್ನದವರೆಗೆ ಪೂರ್ತಿ ರಜ. ನಾನಾದ್ರೆ ರಜ ಕೊಡೋದನ್ನ ಬಿಡೋದೇ ಇಲ್ಲ, ನಿದ್ದೆಗೆಟ್ಟವರ ಕೈಗೆ ಮಗುನ ಸ್ನಾನಕ್ಕೆ ಕೊಡೋದು, ಬಿಸಿನೀರು ಹಿಡಿಯೋದು, ಇದೆಲ್ಲ ಮಗುವಿಗೂ ಅಪಾಯ.

ಬರೆದಿಡೋದು ಹೇಗೆ

ಹಾಲಿನ ಲೆಕ್ಕ ಬರೆಯೋ ಗೋಡೆ ಕ್ಯಾಲೆಂಡರ್ ಸಾಕು. ದೊಡ್ಡ ಚೌಕ ಇರೋದು ತಗೊಂಡು ಮಗು ರೂಮಲ್ಲಿ ನೇತು ಹಾಕಿ, ದಾರ ಕಟ್ಟಿ ಪೆನ್ನೂ ಅಲ್ಲೇ ಇರ್ಲಿ. 14ನೇ ತಾರೀಖಿನ ಚೌಕದಲ್ಲಿ "12.20–1.05, 3.40–4.30" ಅಂತ ಇದ್ರೆ ಮುಗೀತು, ಮುಕ್ಕಾಲು ಗಂಟೆ ಒಂದು, ಐವತ್ತು ನಿಮಿಷ ಒಂದು, ಎರಡಕ್ಕೂ ಕಾಲು ಗಂಟೆ ಸೇರಿಸಿದ್ರೆ ಹತ್ರ ಹತ್ರ ಎರಡು ಗಂಟೆ. ಬರೆಯೋಕೆ ಬರದೇ ಇರೋರಾದ್ರೆ ಅರ್ಧ ಗಂಟೆಗೊಂದು ಗೀಟು ಎಳೀಲಿ, ಅಥವಾ ಎದ್ದಾಗ ಒಂದು, ಮಲಗೋವಾಗ ಒಂದು ವಾಟ್ಸಾಪ್ ವಾಯ್ಸ್ ಮೆಸೇಜ್ ಹಾಕ್ಲಿ, ಟೈಮ್ ಅದ್ರಲ್ಲೇ ಬಂದ್ಬಿಡತ್ತೆ. ಬರೆಯೋದು ಅವ್ರೇ ಆಗಿರ್ಬೇಕು, ನಾವಲ್ಲ. ನಾವು ಮಲಗಿರ್ತೀವಿ, ಎದ್ದಿದ್ದು ಅವ್ರು. ಅವ್ರು ಬರೆದಿದ್ದನ್ನ ಕ್ಯಾಮೆರಾ ಹಾಕಿ ತಾಳೆ ನೋಡೋ ಕೆಲಸ ದಯವಿಟ್ಟು ಮಾಡ್ಬೇಡಿ, ಅವ್ರು ಮಲಗೋ ಜಾಗದ ಕಡೆಗಂತೂ ಕ್ಯಾಮೆರಾ ತಿರುಗಿಸ್ಲೇಬಾರದು. ಮಗುನ ನಂಬಿ ಕೈಗೆ ಕೊಟ್ಟಿದೀವಿ, ಅರ್ಧ ಗಂಟೆ ಲೆಕ್ಕಕ್ಕೆ ನಂಬಲ್ಲ ಅಂದ್ರೆ ಹೇಗೆ.

ತಿಂಗಳ ಕೊನೇಲಿ ಇಬ್ರೂ ಕೂತು ಕೂಡಿಸಿ, ಆ ಪುಟದ ಫೋಟೋ ತೆಗೆದು ಅವ್ರ ಫೋನಿಗೂ ಕಳಿಸಿ.

ಒಟ್ಟು ನೋಡಿ ಗಾಬರಿ ಆದ್ರೆ

ಆಗತ್ತೆ. ಸಾಮಾನ್ಯವಾಗಿ ಮನೇಲಿರೋರು ಬೆಳಿಗ್ಗೆ 7ಕ್ಕೆ ಶುರು ಮಾಡಿದ್ರೆ ರಾತ್ರಿ 8ರವರೆಗೆ ಏನೋ ಒಂದು ಮಾಡ್ತಾನೇ ಇರ್ತಾರೆ, ಊಟ ತಿಂಡಿ ಮಧ್ಯಾಹ್ನದ ಸ್ವಲ್ಪ ಹೊತ್ತು ಕಳೆದ್ರೂ ಹತ್ತು ಗಂಟೆ ಕೆಲಸ. ಎರಡು ಗಂಟೆ ಓವರ್‌ಟೈಮ್ 400 ರೂಪಾಯಿ, 26 ದಿನಕ್ಕೆ 10,400. ನೈಟ್ ಬಾಟಾ 150ರಂತೆ 3,900. ರಾತ್ರಿ ದಿನಾ ಒಂದೂವರೆ ಗಂಟೆ ಎದ್ದಿದ್ರೆ 300ರಂತೆ 7,800. ಮೂಲ ಸಂಬಳ 20,800 ಸೇರಿಸಿದ್ರೆ 42,900. ಏಜೆನ್ಸಿಯವರು ಹೇಳಿದ್ದ ನಂಬರಿಗೂ ಇದಕ್ಕೂ ನಡುವೆ ಇರೋ ಅಂತರ ಇದೆಯಲ್ಲ, ಅಷ್ಟನ್ನ ಅವ್ರು ಇಷ್ಟು ದಿನ ತಮ್ಮ ನಿದ್ದೆಯಿಂದ ಕೊಡ್ತಿದ್ರು.

ಇಷ್ಟು ಕೊಡೋಕಾಗಲ್ಲ ಅಂತಾದ್ರೆ ರೇಟ್ ಕಡಿಮೆ ಮಾಡ್ಬೇಡಿ, ಗಂಟೆ ಕಡಿಮೆ ಮಾಡಿ. ಹಗಲನ್ನ ಎರಡು ತುಂಡು ಮಾಡಿ, ಬೆಳಿಗ್ಗೆ 7ರಿಂದ 11, ಸಂಜೆ 4ರಿಂದ 8, ಮಧ್ಯೆ 5 ಗಂಟೆ ಪೂರ್ತಿ ಅವ್ರದ್ದು, ಮಲಗ್ಲಿ, ಫೋನ್ ನೋಡ್ಲಿ, ಹೊರಗೆ ಹೋಗ್ಬರ್ಲಿ. ಆ ಹೊತ್ತಲ್ಲಿ ಮಗು ನೋಡೋಕೆ ವರ್ಕ್ ಫ್ರಂ ಹೋಮ್ ಮಾಡೋರು, ಅಜ್ಜಿ ತಾತ, ಇಲ್ಲಾ ಹತ್ರದ ಡೇಕೇರ್ ಹೀಗೆ ಏನಾದ್ರೂ ಹೊಂದಿಸ್ಕೋಬೇಕು. ಈಗ ಓವರ್‌ಟೈಮಿನ 10,400 ಹೋಯ್ತು, 32,500ಕ್ಕೆ ಬಂತು. ಇನ್ನೂ ಕಷ್ಟ ಅಂದ್ರೆ ರಾತ್ರಿನ ಹಂಚ್ಕೊಳ್ಳಿ, ಒಂದು ರಾತ್ರಿ ಅವ್ರು, ಒಂದು ರಾತ್ರಿ ಅಪ್ಪ ಅಮ್ಮ. 13 ರಾತ್ರಿ ಆದ್ರೆ ಬಾಟಾ 1,950, ಎದ್ದಿದ್ದಕ್ಕೆ 3,900, ಒಟ್ಟು 26,650. ಅಪ್ಪ ಅಂತ ಒತ್ತಿ ಹೇಳ್ತಿದೀನಿ, ಬಾಟಲ್ ಹಿಡಿಯೋಕೆ, ಡೈಪರ್ ಹಾಕೋಕೆ ಗಂಡಸರಿಗೂ ಕೈ ಇದೆ, ಎಷ್ಟೋ ಮನೇಲಿ ನ್ಯಾನಿಯ ರಾತ್ರಿ ಕೆಲಸ ಹುಟ್ಟೋದೇ ಅಪ್ಪನ ನಿದ್ದೆ ಉಳಿಸೋಕೆ.

ಮೊದಲ ಮೂರು ತಿಂಗಳಿಗೆ ರಾತ್ರಿ ಡ್ಯೂಟಿಗೇ ಅಂತ ಇಟ್ಕೊಂಡ್ರೆ ಲೆಕ್ಕ ಸುಲಭ. ರಾತ್ರಿ 10ರಿಂದ ಬೆಳಿಗ್ಗೆ 6 ಪೂರ್ತಿ 8 ಗಂಟೆ ಕೆಲಸ, ಕೂಸು ಮಲಗಿದ್ರೂ ಕೆಲಸನೇ, ಗಂಟೆ ರೇಟ್ ಹಗಲಿಗಿಂತ ಮೇಲಿರ್ಲಿ. ಬೆಳಿಗ್ಗೆ ಆರಕ್ಕೆ ಕೂಸನ್ನ ಕೈಗೆ ತಗೊಂಡು ಅವ್ರನ್ನ ಮಲಗೋಕೆ ಕಳಿಸಿ, ಮಧ್ಯಾಹ್ನ ಎರಡರವರೆಗೆ ಕುಕ್ಕರ್ ವಿಷಲ್ಲು, ಟಿವಿ, ಕರೆಗಂಟೆ ಇದ್ರ ಮಧ್ಯೆ ಅವ್ರಿಗೆ ನಿದ್ದೆ ಬರೋ ಹಾಗೆ ಒಂದು ಬಾಗಿಲಿರೋ ರೂಮು ಬೇಕು. ಎಣ್ಣೆ ಸ್ನಾನ ಮಾಡ್ಸೋಕೆ ಅಂತ ಹತ್ತು ಗಂಟೆಗೆ ಎಬ್ಬಿಸ್ಬೇಡಿ, ಅದಕ್ಕೆ ಬೇರೆಯವರನ್ನ ಕರೀರಿ.

ಜಾಗ ಮತ್ತೆ ಊಟ

ಇದನ್ನ ಬೇಗ ಹೇಳಿ ಮುಗಿಸ್ತೀನಿ. ಯುಟಿಲಿಟೀಲಿ ವಾಷಿಂಗ್ ಮಷಿನ್ ಪಕ್ಕ ಚಾಪೆ, ಹಾಲಲ್ಲಿ ಎಲ್ಲರೂ ಟಿವಿ ಆಫ್ ಮಾಡೋವರೆಗೆ ಕಾಯೋದು, ಇದು ಮಲಗೋ ಜಾಗ ಅಲ್ಲ. ಮಂಚ ಅಥವಾ ದಪ್ಪ ಹಾಸಿಗೆ, ಫ್ಯಾನು, ಸೊಳ್ಳೆ ಪರದೆ, ಫೋನ್ ಚಾರ್ಜ್‌ಗೆ ಪ್ಲಗ್ಗು, ಬಟ್ಟೆ ಇಡೋಕೆ ಬೀಗ ಇರೋ ಕಪಾಟು. ಊಟ ವಸತಿ ಫ್ರೀ ಕೊಡ್ತೀವಲ್ಲ ಅಂತ ಸಂಬಳದಲ್ಲಿ ಮುರ್ಕೋಬೇಡಿ, ನಮ್ಮನೇಲಿ ಮಲಗ್ತಿರೋದು ನಮ್ಮ ಅನುಕೂಲಕ್ಕೆ. 1948ರ ಕನಿಷ್ಠ ವೇತನ ಕಾಯ್ದೆಯಲ್ಲೇ ಕೂಲಿನ ದುಡ್ಡಿನ ರೂಪದಲ್ಲೇ ಕೊಡ್ಬೇಕು ಅನ್ನೋದು ಮೂಲ ನಿಯಮ ಆಗಿತ್ತು. ಹಬ್ಬಕ್ಕೆ ಸೀರೆ, ಹಳೇ ಬಟ್ಟೆ, ಉಳಿದ ಸ್ವೀಟು ಇವೆಲ್ಲ ಪ್ರೀತಿಗೆ ಕೊಟ್ಟಿದ್ದು, ಸಂಬಳದ ಲೆಕ್ಕಕ್ಕೆ ಬರಲ್ಲ. ರಾತ್ರಿ ಏಳೋರಿಗೆ ಫ್ಲಾಸ್ಕಲ್ಲಿ ಒಂದಿಷ್ಟು ಕಾಫಿನೋ ಬಿಸಿ ಹಾಲೋ, ತಿನ್ನೋಕೆ ಏನಾದ್ರೂ, ಕೇಳದೇನೇ ಇಟ್ಟಿರಿ.

ವಾರದ ರಜ ಅಂದ್ರೆ ರಾತ್ರಿನೂ ಸೇರಿ

ಭಾನುವಾರ ಬೆಳಿಗ್ಗೆ 10ಕ್ಕೆ ಹೋಗಿ ಸಂಜೆ 6ಕ್ಕೆ ವಾಪಸ್ ಬಂದು ರಾತ್ರಿ ಮತ್ತೆ ಮಗು ಪಕ್ಕ ಮಲಗಿದ್ರೆ ಅದು ರಜ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರಲ್ಲಿ ಮನೆಕೆಲಸದವರಿಗೆ ಅಂತಲೇ ಮಾಡಿದ 189ನೇ ಒಪ್ಪಂದದಲ್ಲಿ ವಾರಕ್ಕೆ ಕನಿಷ್ಠ 24 ಗಂಟೆ ಒಂದೇ ಸಮನೆ ಬಿಡುವು ಇರ್ಬೇಕು ಅಂತಿದೆ. ಭಾರತ ಇನ್ನೂ ಅದಕ್ಕೆ ಸಹಿ ಹಾಕಿ ಒಪ್ಕೊಂಡಿಲ್ಲ, ನಾವು ನಮ್ಮನೇಲಿ ಒಪ್ಕೊಳೋಕೆ ಯಾರ ಅಪ್ಪಣೆನೂ ಬೇಕಿಲ್ಲ. ಶನಿವಾರ ಸಂಜೆ 6ರಿಂದ ಭಾನುವಾರ ಸಂಜೆ 6, ಮಧ್ಯೆ ಒಂದು ಇಡೀ ರಾತ್ರಿ ಅವ್ರ ಪಾಲಿಗೆ ಬರತ್ತೆ. ಊರು ದೂರ ಇದ್ದು ಇಲ್ಲೇ ಇರೋರಾದ್ರೂ ಆ ರಾತ್ರಿ ಬೇರೆ ರೂಮಲ್ಲಿ ಮಲಗ್ಬೇಕು. ರಾಯಚೂರು, ಯಾದಗಿರಿ ಕಡೆಯಿಂದ ಬಂದೋರು, ಜಾರ್ಖಂಡ್, ಒಡಿಶಾ, ಬಂಗಾಳದಿಂದ ಬಂದೋರು ವಾರದ ರಜ ಬೇಡ, ಕೂಡಿಸಿ ಊರಿಗೆ ಹೋಗುವಾಗ ಕೊಡಿ ಅಂತ ಕೇಳೋದುಂಟು. ಕೊಡಿ, ಆದ್ರೆ ವಾರಕ್ಕೊಂದು ರಾತ್ರಿ ನಿದ್ದೆನ ಮಾತ್ರ ಕೂಡಿಡೋಕಾಗಲ್ಲ.

ಮಾತಾಡೋದು ಹೇಗೆ

ಮೊದಲ ದಿನಾನೇ, ಅಡ್ವಾನ್ಸ್ ಕೊಡೋಕ್ ಮುಂಚೆ. "ಅಕ್ಕ, ಪಾಪು ರಾತ್ರಿ ಎರಡು ಸಲ ಏಳತ್ತೆ, ಒಂದ್ಸಲಕ್ಕೆ ಮುಕ್ಕಾಲು ಗಂಟೆ ಹಿಡಿಯತ್ತೆ. ಹಗಲು ಸಂಬಳ ಇಷ್ಟು, ರಾತ್ರಿ ಬಾಟಾ ಬೇರೆ, ಎದ್ದಿದ್ದಕ್ಕೆ ಬೇರೆ. ನಿದ್ದೆ ಆಗ್ಲಿಲ್ಲ ಅಂದ್ರೆ ಬೆಳಿಗ್ಗೆ ನನಗೆ ಹೇಳಿ, ನಾನು ನೋಡ್ಕೋತೀನಿ, ನೀವು ಮಲಗಿ." ಇಷ್ಟು ಹೇಳಿದ್ರೆ ಸಾಕು. ಕೆಲವರು "ಇರ್ಲಿ ಮೇಡಂ, ನೀವು ಕೊಟ್ಟಷ್ಟು ಕೊಡಿ" ಅಂತಾರೆ. ಅದು ಒಪ್ಪಿಗೆ ಅಲ್ಲ, ಇನ್ನೊಬ್ಬರ ಮನೇಲಿ ಮೊದಲ ದಿನ ನಿಂತು ಬೇರೆ ಏನು ಹೇಳೋಕಾಗತ್ತೆ ಅವ್ರಿಗೆ. ಹಾಗಾಗಿ ಒಂದು ಹಾಳೇಲಿ ಅವ್ರಿಗೆ ಗೊತ್ತಿರೋ ಭಾಷೇಲಿ ಬರೆದು, ಓದಿ ಹೇಳಿ, ಒಂದು ಕಾಪಿ ಅವ್ರಿಗೂ ಕೊಡಿ.

ಇದನ್ನ ಓದ್ತಿರೋ ನಿಮ್ಮ ಅಮ್ಮನೋ ಅಕ್ಕನೋ ಚಿಕ್ಕಮ್ಮನೋ ಇಂಥ ಕೆಲಸದಲ್ಲಿದ್ರೆ ಅವ್ರಿಗೆ ಇಷ್ಟು ಹೇಳ್ಕೊಡಿ. ಒಪ್ಕೊಳೋ ಮುಂಚೆ ನಾಲ್ಕು ಪ್ರಶ್ನೆ ಕೇಳ್ಬೇಕು: ಮಗು ವಯಸ್ಸೆಷ್ಟು, ರಾತ್ರಿ ಯಾರ ಹತ್ರ ಮಲಗತ್ತೆ, ನಾನು ಎಲ್ಲಿ ಮಲಗ್ಬೇಕು, ರಾತ್ರಿ ಎದ್ರೆ ಲೆಕ್ಕ ಹೇಗೆ. ಈಗಾಗ್ಲೇ ಕೆಲಸದಲ್ಲಿದ್ರೆ ಎರಡು ವಾರ ತಮ್ಮ ಪಾಡಿಗೆ ಟೈಮ್ ಬರೆದಿಟ್ಕೊಂಡು ಆಮೇಲೆ ತೋರ್ಸಿ ಕೇಳೋದು ಒಳ್ಳೇದು, "ನಿದ್ದೆ ಆಗ್ತಿಲ್ಲ ಮೇಡಂ" ಅನ್ನೋದಕ್ಕಿಂತ "ಹೋದ ವಾರ ರಾತ್ರಿ ಹೊತ್ತು ಒಟ್ಟು ಹತ್ತು ಗಂಟೆ ಎದ್ದಿದ್ದೆ" ಅನ್ನೋ ಮಾತನ್ನ ತಳ್ಳಿಹಾಕೋದು ಕಷ್ಟ.

ಮನೇಲಿ ಹಿರಿಯರು ಅಡ್ಡ ಬರ್ತಾರೆ. "ನಾವೆಲ್ಲ ನಾಲ್ಕು ಮಕ್ಕಳನ್ನ ಸಾಕ್ಲಿಲ್ವಾ, ನಮಗ್ಯಾರು ಬಾಟಾ ಕೊಟ್ರು?" ಅಂತ ಅತ್ತೆ ಕೇಳಿದ್ರೆ ಕೋಪ ಮಾಡ್ಕೋಬೇಡಿ, ಆ ಮಾತಲ್ಲಿ ಅವ್ರ ಹಳೇ ನೋವೂ ಇದೆ. ಅವ್ರಿಗೂ ಯಾರಾದ್ರೂ ಒಂದು ರಾತ್ರಿ ಮಲಗೋಕೆ ಬಿಡ್ಬೇಕಿತ್ತು, ಬಿಡ್ಲಿಲ್ಲ. ಹಾಗಂತ ಆ ಅನ್ಯಾಯನ ಇನ್ನೊಬ್ಬರ ಮೇಲೆ ಮುಂದುವರ್ಸೋದು ಬೇಡ ಅಂತ ನಿಧಾನಕ್ಕೆ ಹೇಳಿ, ಕ್ಯಾಲೆಂಡರ್ ಲೆಕ್ಕ ನಿಮ್ಮ ಕೈಲೇ ಇಟ್ಕೊಳ್ಳಿ.

ಏಜೆನ್ಸಿ, ಬ್ಯಾಂಕು, ಜ್ವರದ ರಾತ್ರಿ, ಪ್ರಯಾಣ

ಏಜೆನ್ಸಿಗೆ ಕೊಡೋ ಕಮಿಷನ್ ನಿಮ್ಮ ಖರ್ಚು, ಅವ್ರ ಸಂಬಳದಿಂದ ಮುರೀತಾರಾ ಅಂತ ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿ. ಸಂಬಳ ಏಜೆನ್ಸಿ ಕೈಗೂ ಬೇಡ, ಗಂಡನ ಅಕೌಂಟಿಗೂ ಬೇಡ, ಅವ್ರದ್ದೇ ಹೆಸರಿನ ಅಕೌಂಟಿಗೆ ಹಾಕಿ, ಇಲ್ಲ ಅಂದ್ರೆ ಜನಧನ್ ಅಕೌಂಟ್ ಮಾಡ್ಸಿ. ಕಳಿಸುವಾಗ ಮೂಲ ಸಂಬಳ ಇಷ್ಟು, ಬಾಟಾ ಇಷ್ಟು, ರಾತ್ರಿ ಗಂಟೆ ಇಷ್ಟು ಅಂತ ಒಂದು ಮೆಸೇಜ್. ಆಧಾರ್ ಕಾರ್ಡ್ ಒರಿಜಿನಲ್ ಇಟ್ಕೋಬೇಡಿ. ಅಸಂಘಟಿತ ಕಾರ್ಮಿಕರಿಗೆ ಅಂತ ಸರ್ಕಾರ ಮಾಡಿರೋ ಇ-ಶ್ರಮ್‌ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಬ್ಯಾಂಕಲ್ಲಿ ವರ್ಷಕ್ಕೆ 20 ರೂಪಾಯಿ ಅಪಘಾತ ವಿಮೆ, 436 ರೂಪಾಯಿ ಜೀವ ವಿಮೆ, ತಲಾ 2 ಲಕ್ಷದ್ದು, ಎರಡೂ ನಿಮ್ಮ ದುಡ್ಡಲ್ಲಿ ಮಾಡ್ಸಿ. 18 ತುಂಬದ ಹುಡುಗೀರನ್ನ ಈ ಕೆಲಸಕ್ಕೆ ಕಳಿಸೋ ಏಜೆನ್ಸಿ ಸಹವಾಸವೇ ಬೇಡ.

ಮಗುಗೆ ಜ್ವರ ಬಂದ ರಾತ್ರಿ, ಲಸಿಕೆ ಹಾಕಿಸಿದ ರಾತ್ರಿ ಒಬ್ಬರಿಂದ ಆಗಲ್ಲ, ಅಪ್ಪ ಅಮ್ಮನಲ್ಲಿ ಒಬ್ರು ಎದ್ದಿರ್ಲೇಬೇಕು, ನೋಡ್ಕೊಳೋರು ಎದ್ದಿದ್ದಷ್ಟು ಹೊತ್ತಿಗೂ ಡಬಲ್ ರೇಟ್. ಊರಿಗೋ ಧರ್ಮಸ್ಥಳಕ್ಕೋ ಮದುವೆಗೋ ಜೊತೇಲಿ ಕರ್ಕೊಂಡು ಹೋದ್ರೆ ರೈಲಲ್ಲಿ ಬಸ್ಸಲ್ಲಿ ಮಗು ಅವ್ರ ಮಡಿಲಲ್ಲಿದ್ದಷ್ಟು ಹೊತ್ತೂ ಕೆಲಸ, ಲಾಡ್ಜಲ್ಲಿ ನಮ್ಮ ಮಂಚದ ಕೆಳಗೆ ಮಲಗಿಸೋದಲ್ಲ, ಅವ್ರಿಗೂ ಒಂದು ಬೆಡ್ ಬುಕ್ ಮಾಡ್ಬೇಕು. ಮದುವೆ ಮನೇಲಂತೂ ಎಲ್ಲರ ಮಕ್ಕಳನ್ನೂ ಅವ್ರ ಕೈಗೇ ಕೊಟ್ಟು ಹೋಗ್ತಾರೆ, ಅದನ್ನ ತಡೆಯೋದು ನಿಮ್ಮ ಕೆಲಸ.

ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್ ಕಡೆ ಇರೋ ನಮ್ಮೋರಿಗೆ ಒಂದು ಮಾತು. ಅಲ್ಲಿ ನ್ಯಾನಿ ಕನ್ನಡದವರೇ ಇರ್ಲಿ, ಬಾಯಿಮಾತಲ್ಲಿ ಏನೇ ಒಪ್ಪಂದ ಆಗಿರ್ಲಿ, ಅಲ್ಲಿನ ಕಾನೂನೇ ನಡೆಯೋದು. ಕ್ಯಾಲಿಫೋರ್ನಿಯಾದಲ್ಲಿ 2014ರಿಂದ ನ್ಯಾನಿಗಳಿಗೆ ದಿನಕ್ಕೆ 9 ಗಂಟೆ ಅಥವಾ ವಾರಕ್ಕೆ 45 ಗಂಟೆ ದಾಟಿದ್ರೆ ಒಂದೂವರೆಪಟ್ಟು. ನ್ಯೂಯಾರ್ಕಲ್ಲಿ 2010ರ ಕಾನೂನಿನ ಪ್ರಕಾರ ಮನೇಲೇ ಇರೋರಿಗೆ ವಾರಕ್ಕೆ 44 ಗಂಟೆ ದಾಟಿದ ಮೇಲೆ ಓವರ್‌ಟೈಮ್, ವಾರಕ್ಕೊಂದು ದಿನ ರಜ.

ಮೂರು ತಿಂಗಳಿಗೊಮ್ಮೆ ಮತ್ತೆ ಕೂತು ಮಾತಾಡಿ. ಮಗು ರಾತ್ರಿ ಮಲಗೋಕೆ ಶುರು ಮಾಡಿದ್ರೆ ಎದ್ದಿದ್ದರ ದುಡ್ಡು ತಾನಾಗೇ ಕಡಿಮೆ ಆಗತ್ತೆ, ಆಗ ಅವ್ರ ಕೈಗೆ ಬರೋ ಒಟ್ಟು ಒಮ್ಮೆಲೇ ಬೀಳದ ಹಾಗೆ ಮೂಲ ಸಂಬಳನ ಸ್ವಲ್ಪ ಏರಿಸಿ, ಮಗುನ ಚೆನ್ನಾಗಿ ಮಲಗೋಕೆ ಕಲಿಸಿದ್ದಕ್ಕೆ ಅವ್ರಿಗೇ ನಷ್ಟ ಆಗ್ಬಾರದು. ಕೆಲಸ ಬಿಡೋ ಟೈಮ್ ಬಂದಾಗ ಎರಡೂ ಕಡೆಯಿಂದ ಒಂದು ತಿಂಗಳ ನೋಟಿಸ್, ನೀವೇ ಇದ್ದಕ್ಕಿದ್ದಂಗೆ ಬೇಡ ಅಂದ್ರೆ ಒಂದು ತಿಂಗಳ ಸಂಬಳ. ಕೊನೇ ತಿಂಗಳ ಕ್ಯಾಲೆಂಡರ್ ಪುಟ ಕೂಡಿಸಿ, ಉಳಿದಿರೋ ರಾತ್ರಿಗಳ ದುಡ್ಡು, ತಗೊಳದೇ ಇರೋ ರಜದ ದುಡ್ಡು, ಊರಿನ ಬಸ್ ಚಾರ್ಜು ಎಲ್ಲಾ ಅವ್ರು ಬ್ಯಾಗ್ ಎತ್ಕೊಳೋಕ್ ಮುಂಚೆ ಅಕೌಂಟಿಗೆ ಬಿದ್ದಿರ್ಲಿ. "ಆಮೇಲೆ ಹಾಕ್ತೀನಿ" ಅಂದ್ರೆ ಊರಿಂದ ಎಷ್ಟು ಸಲ ಅಂತ ಅವ್ರು ಫೋನ್ ಮಾಡಿ ಕೇಳ್ತಾರೆ.